ಕಲಬುರಗಿಯಲ್ಲಿ ಮನೆ ನೋಡುವವರಿಗೆ: ಕೆಲಸದ ರಸ್ತೆ, ನಳದ ಹೊತ್ತು, ಮೇ ತಿಂಗಳ ಬಿಸಿಲು

ಕಲಬುರಗಿಗೆ ವರ್ಗವಾಗಿಯೋ ಹೊಸ ನೌಕರಿ ಸಿಕ್ಕೋ ಸಂಸಾರ ಸಮೇತ ಬರುವವರು ಮೊದಲ ದಿನವೇ ಕೇಳುವ ಪ್ರಶ್ನೆ, ‘ಇಲ್ಲಿ ಚಲೋ ಏರಿಯಾ ಯಾವುದು?’ ಎಂಬುದು. ಕೇಳಿಸಿಕೊಂಡ ಸಹೋದ್ಯೋಗಿಗಳು ತಾವಿರುವ ಬಡಾವಣೆಯ ಹೆಸರನ್ನೇ ಹೇಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರ ಮಕ್ಕಳ ಶಾಲೆ, ಅವರ ಮನೆಯವರ ನೌಕರಿ, ಅವರು ಮನೆಗೆ ಮರಳುವ ಹೊತ್ತು ನಿಮ್ಮವಲ್ಲ. ಈ ಊರಿನಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ನಿಮ್ಮ ಕೆಲಸದ ಜಾಗ ಯಾವ ರಸ್ತೆಯ ಮೇಲಿದೆ ಎಂಬುದನ್ನು.

ಕಲಬುರಗಿ ಬೆಳೆದಿರುವುದೇ ರಸ್ತೆಗಳ ಗುಂಟ. ಸೂಪರ್ ಮಾರ್ಕೆಟ್ ಮತ್ತು ಜಗತ್ ವೃತ್ತದ ಸುತ್ತಲಿನ ನಡುಭಾಗದಿಂದ ಸೇಡಂ, ಜೇವರ್ಗಿ, ಶಹಾಬಾದ್, ಅಫಜಲಪುರ, ಆಳಂದ, ಹುಮನಾಬಾದ್ ರಸ್ತೆಗಳು ಬಂಡಿಗಾಲಿಯ ಅರಗಳಂತೆ ಹೊರಡುತ್ತವೆ. ರಿಂಗ್ ರಸ್ತೆ ಅವುಗಳನ್ನು ಹೊರಗಿನಿಂದ ಕೂಡಿಸುತ್ತದೆ. ಜಿಲ್ಲಾ ಆಸ್ಪತ್ರೆ, ಇ.ಎಸ್.ಐ. ಆಸ್ಪತ್ರೆ ಮತ್ತು 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ ಸೇಡಂ ರಸ್ತೆಯ ಕಡೆಗಿವೆ. 2019ರಲ್ಲಿ ಶುರುವಾದ ವಿಮಾನ ನಿಲ್ದಾಣವೂ ಅದೇ ದಿಕ್ಕಿನಲ್ಲಿದೆ. ಕಪನೂರ ಕೈಗಾರಿಕಾ ಪ್ರದೇಶ ಹುಮನಾಬಾದ್ ರಸ್ತೆಗೆ ಸೇರಿದ್ದರೆ, ನಂದೂರ ಕೈಗಾರಿಕಾ ಪ್ರದೇಶ ಶಹಾಬಾದ್ ರಸ್ತೆಗೆ ಸೇರಿದೆ. ಕೇಂದ್ರೀಯ ವಿಶ್ವವಿದ್ಯಾಲಯ ಊರು ದಾಟಿ ಬಹುದೂರ, ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಹೀಗಿರುವಾಗ ಕಪನೂರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೂ ಒಂದೇ ಬಡಾವಣೆಯನ್ನು ‘ಚಲೋ’ ಎಂದು ಒಪ್ಪಬೇಕೆಂಬ ನಿಯಮವೇನಿಲ್ಲ.

ನಾವು ಬಂದ ಹೊಸದರಲ್ಲಿ ಈ ಲೆಕ್ಕ ತಪ್ಪಿಸಿದೆವು. ನನ್ನ ನೌಕರಿ ಹುಮನಾಬಾದ್ ರಸ್ತೆಯ ಕಡೆಗಿತ್ತು. ಓಣಿ ಸ್ವಚ್ಛವಾಗಿದೆ, ಗಿಡಮರಗಳಿವೆ ಎಂದು ಮನೆ ಹಿಡಿದದ್ದು ಜೇವರ್ಗಿ ರಸ್ತೆಯ ಕಡೆಗೆ. ಭಾನುವಾರ ಸಂಜೆ ಮನೆ ನೋಡಲು ಹೋದಾಗ ಇಪ್ಪತ್ತು ನಿಮಿಷದ ದಾರಿ ಎನಿಸಿತ್ತು. ಸೋಮವಾರ ಬೆಳಿಗ್ಗೆ ಶಾಲೆಯ ಬಸ್ಸು, ಆಟೊ, ತಳ್ಳುಗಾಡಿಗಳ ನಡುವೆ ರೈಲು ಹಳಿಯನ್ನು ದಾಟಿ, ನಡುಪೇಟೆಯನ್ನು ಸೀಳಿಕೊಂಡು, ಊರಿನ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ನಲವತ್ತೈದು ನಿಮಿಷ ಕಳೆದಿತ್ತು. ಎನ್.ಜಿ.ಓ. ಕಾಲೊನಿ, ಕರುಣೇಶ್ವರ ನಗರದಂಥ ಜೇವರ್ಗಿ ರಸ್ತೆಯ ಬಡಾವಣೆಗಳು ಸಂಸಾರಸ್ಥರಿಗೆ ನೆಮ್ಮದಿಯ ಜಾಗಗಳೇ ಹೌದು, ಆದರೆ ಹಳಿಯ ಆಚೆಗೆ ದಿನಾಲೂ ಹೋಗಿಬರುವವರು ಮೇಲ್ಸೇತುವೆಯ ದಟ್ಟಣೆಯನ್ನೂ ದೊಡ್ಡ ಮಳೆಯಲ್ಲಿ ನೀರು ನಿಲ್ಲುವ ಕೆಳಸೇತುವೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಆದ್ದರಿಂದ ಮನೆ ಒಪ್ಪುವ ಮೊದಲು ಕೆಲಸದ ದಿನವೊಂದರಲ್ಲಿ, ನೀವು ನಿಜವಾಗಿ ಹೊರಡುವ ಹೊತ್ತಿಗೆ, ನೀವು ನಿಜವಾಗಿ ಓಡಿಸುವ ಗಾಡಿಯಲ್ಲಿ ಒಮ್ಮೆ ಹೋಗಿ ಬನ್ನಿರಿ. ಫೋನಿನ ನಕ್ಷೆ ತೋರಿಸುವ ಕಿಲೋಮೀಟರನ್ನು ಅಷ್ಟಾಗಿ ನಂಬಬೇಡಿ.

ಇಬ್ಬರೂ ದುಡಿಯುವ ಮನೆಯಲ್ಲಿ ಇದು ಇನ್ನಷ್ಟು ತೊಡಕಿನದು. ಒಬ್ಬರ ಕೆಲಸ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ, ಇನ್ನೊಬ್ಬರದು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಎಂದಿಟ್ಟುಕೊಳ್ಳಿ. ವಾಡಿಗೆ ರೈಲಿನಲ್ಲಿ ಹೋಗುವವರು ನಿಲ್ದಾಣದ ಹತ್ತಿರವೇ ಮನೆ ಬೇಕೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಂಥ ಸಂದರ್ಭದಲ್ಲಿ ನಡುವಿನ ಜಾಗ ಹುಡುಕುವುದಕ್ಕಿಂತ, ಮಗುವಿಗೆ ಜ್ವರ ಬಂದರೆ ಶಾಲೆಯಿಂದ ಫೋನು ಯಾರಿಗೆ ಬರುತ್ತದೆಯೋ ಅವರ ಕೆಲಸದ ಕಡೆಗೆ ಮನೆ ಮಾಡುವುದು ಒಳ್ಳೆಯದು. ಅರ್ಧ ಗಂಟೆಯೊಳಗೆ ಶಾಲೆಯ ಬಾಗಿಲಿಗೆ ಹೋಗಿ ನಿಲ್ಲಬಲ್ಲವರು ಒಬ್ಬರಿದ್ದರೆ ಸಾಕು.

ಬಿಸಿಲಿನ ಮಾತನ್ನು ಹೊರಗಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಆ ಕಾರಣಕ್ಕಾಗಿಯೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಕಚೇರಿ ಬೇಗ ಬಿಡುತ್ತದೆಂಬ ಸಂತೋಷ ಮೊದಲ ದಿನಕ್ಕೇ ತೀರುತ್ತದೆ, ಏಕೆಂದರೆ ಬಿಡುವುದು ಸರಿಯಾಗಿ ಉರಿಬಿಸಿಲಿನ ಹೊತ್ತಿಗೆ. ತಲೆಗೆ ಟವೆಲ್ ಸುತ್ತಿಕೊಂಡು ಸ್ಕೂಟರ್ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಹತ್ತು ನಿಮಿಷದ ದಾರಿಗೂ ಅರ್ಧ ಗಂಟೆಯ ದಾರಿಗೂ ಇರುವ ಅಂತರ ಮೈಗೇ ತಿಳಿಯುತ್ತದೆ. ಮನೆಯೊಳಗೂ ಇದನ್ನು ನೋಡಬೇಕು. ಎಲ್ಲಕ್ಕಿಂತ ಮೇಲಿನ ಮಹಡಿಯ, ಪಡುವಣ ಗೋಡೆಗೆ ನೆರಳಿಲ್ಲದ ಮನೆಯ ಬಾಡಿಗೆ ಎರಡು ಸಾವಿರ ಕಡಿಮೆ ಇದ್ದರೆ ಆ ಕಡಿಮೆಗೆ ಕಾರಣ ಅದೇ; ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಕೂಲರ್ ಇಡಲು ಹೊರಗೆ ಜಾಗವಿರುವ ಕಿಟಕಿ ಮಲಗುವ ಕೋಣೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ, ಮತ್ತು ಆ ಕೂಲರಿಗೆ ದಿನವೂ ನೀರು ಬೇಕೆಂಬುದನ್ನು ಮರೆಯಬೇಡಿ.

ನೀರಿನ ವಿಚಾರದಲ್ಲಿ ಮನೆಯ ಮಾಲೀಕರನ್ನಷ್ಟೇ ಕೇಳಿದರೆ ‘ನೀರಿಗೇನೂ ತೊಂದರೆ ಇಲ್ಲ’ ಎಂಬ ಉತ್ತರ ಬರುತ್ತದೆ. ಎದುರು ಮನೆ, ಮಗ್ಗುಲ ಮನೆ, ಮೂಲೆಯ ಕಿರಾಣಿ ಅಂಗಡಿ, ಈ ಮೂರು ಕಡೆ ಕೇಳಬೇಕು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರಷ್ಟೇ ಯಾವ ಹೊತ್ತಿಗೆ ಬರುತ್ತದೆ ಎಂಬುದೂ ಮುಖ್ಯ. ನಾವು ನೋಡಿದ ಒಂದು ಮನೆಯ ನೆರೆಯ ಅಜ್ಜಿ, ನಾನು ಕೇಳುವ ಮೊದಲೇ, ‘ಇಲ್ಲಿ ನಳ ಹನ್ನೊಂದಕ್ಕ ಬರ್ತದ. ಇಬ್ಬರೂ ಡ್ಯೂಟಿಗಿ ಹೋದ್ರ ನೀರ್ ಯಾರ್ ಹಿಡೀಬೇಕವ್ವಾ?’ ಎಂದರು. ಬಾಡಿಗೆ, ಶಾಲೆ, ದೂರ ಎಲ್ಲವೂ ಹೊಂದಿದ್ದ ಆ ಮನೆಯನ್ನು ಆ ಒಂದು ಮಾತಿನಿಂದ ಬಿಟ್ಟೆವು. ನೆಲದೊಳಗೆ ಸಂಪ್ ಇದ್ದು, ನಳದ ನೀರು ನೇರವಾಗಿ ಅದಕ್ಕೆ ಬೀಳುವಂತಿದ್ದರೆ ಈ ಚಿಂತೆ ಇಲ್ಲ; ಆಗ ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗಳ ನಡುವೆ ಹಂಚಿಕೆಯಾಗುತ್ತದೆ ಎಂಬುದನ್ನು ಕೇಳಿರಿ. ಬೋರಿನ ನೀರು ಹೇಗಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಬಚ್ಚಲಿನ ನಲ್ಲಿಯ ಬಾಯಿಗೆ ಉಗುರಿನಿಂದ ಕೆರೆದರೂ ಬಾರದ ಬಿಳಿ ಹಕ್ಕಳೆ ಕಟ್ಟಿದ್ದರೆ ಅದು ಸವಳು ನೀರು. ಕುಡಿಯಲು, ಬೇಳೆ ಬೇಯಿಸಲು ಬೇರೆ ನೀರು ತರಬೇಕಾಗುತ್ತದೆ, ಮತ್ತು ಕ್ಯಾನು ಹೊತ್ತು ಮೂರನೆಯ ಮಹಡಿ ಹತ್ತುವವರು ಯಾರೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹೊಸ ಬಡಾವಣೆಗಳಲ್ಲಿ ಮಣ್ಣನ್ನೂ ನೋಡಬೇಕು. ಊರಿನ ಅಂಚಿನ ಲೇಔಟುಗಳು ಬಹುಪಾಲು ನಿನ್ನೆಮೊನ್ನೆಯವರೆಗೆ ತೊಗರಿ, ಜೋಳ ಬೆಳೆಯುತ್ತಿದ್ದ ಎರೆ ಭೂಮಿಯ ಮೇಲಿವೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತಳಪಾಯ ಗಟ್ಟಿಯಿಲ್ಲದ ಮನೆಯಲ್ಲಿ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಹೊಸ ಸುಣ್ಣದ ಕೆಳಗೂ ಅದರ ಗೆರೆ ಕಾಣುತ್ತದೆ. ಡಾಂಬರಾಗಲಿ ಸಿಮೆಂಟಾಗಲಿ ಕಾಣದ ಓಣಿಯಾದರೆ ಒಂದು ಮಳೆ ಬಿದ್ದ ಮರುದಿನ ಹೋಗಿ ನೋಡಿರಿ. ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ಮೆತ್ತಿಕೊಂಡು ಗಾಲಿ ತಿರುಗದೆ ನಿಲ್ಲುವುದನ್ನೂ, ಶಾಲೆಯ ಬಸ್ಸು ಮುಖ್ಯರಸ್ತೆಯಲ್ಲೇ ನಿಂತು ಮಕ್ಕಳು ಬೂಟು ಕೈಯಲ್ಲಿ ಹಿಡಿದು ಹೋಗುವುದನ್ನೂ ಆಗ ಕಾಣಬಹುದು.

ಶಾಲೆಯ ಹೆಸರು ಎಷ್ಟೇ ದೊಡ್ಡದಿರಲಿ, ಚಿಕ್ಕ ಮಕ್ಕಳಿಗೆ ಮೂರು ಕಿಲೋಮೀಟರಿನೊಳಗಿನ ಶಾಲೆಯೇ ಲೇಸೆಂದು ನಾನು ಹೇಳುತ್ತೇನೆ. ನಮ್ಮ ಮಗಳನ್ನು ಮೊದಲು ಸೇರಿಸಿದ ಶಾಲೆಯ ಬಸ್ಸು ಊರೆಲ್ಲ ಸುತ್ತಿ ನಮ್ಮ ಮನೆಗೆ ಕೊನೆಗೆ ಬರುತ್ತಿತ್ತು; ಒಂದು ಗಂಟೆಗೆ ಬಿಟ್ಟ ಮಗು ಎರಡೂ ಕಾಲಿಗೆ ಮನೆ ಸೇರಿ, ಊಟಕ್ಕೆ ಕೂತಲ್ಲೇ ನಿದ್ದೆ ಮಾಡುತ್ತಿತ್ತು. ಶುಲ್ಕ ಕಟ್ಟುವ ಮೊದಲು ಬಸ್ಸಿನ ಸುತ್ತಿನಲ್ಲಿ ನಿಮ್ಮ ಓಣಿ ಎಷ್ಟನೆಯದು ಎಂದು ಕೇಳಿಕೊಳ್ಳಿರಿ.

ಇನ್ನು ಓಣಿಯ ನಡತೆ. ಇದಕ್ಕೆ ರಾತ್ರಿ ಎಂಟರ ಸುಮಾರಿಗೆ ಒಂದು ಸುತ್ತು ನಡೆದರೆ ಸಾಕು: ಬೀದಿದೀಪ ಉರಿಯುತ್ತಿವೆಯೇ, ಹೆಣ್ಣುಮಕ್ಕಳು ಊಟದ ಮೇಲೆ ಅಡ್ಡಾಡುತ್ತಿದ್ದಾರೆಯೇ, ಖಾಲಿ ಪ್ಲಾಟುಗಳಲ್ಲಿ ಜಾಲಿ ಬೆಳೆದು ನಾಯಿಗಳ ಹಿಂಡು ಸೇರಿದೆಯೇ ಎಂಬುದೆಲ್ಲ ಕಾಣುತ್ತದೆ. ಜೋಳ ಬೀಸುವ ಗಿರಣಿ ನಡೆದು ಹೋಗುವಷ್ಟು ಹತ್ತಿರವಿರುವುದು ರೊಟ್ಟಿ ಉಣ್ಣುವ ಮನೆಗೆ ಸಣ್ಣ ಅನುಕೂಲವಲ್ಲ. ಶರಣಬಸವೇಶ್ವರ ದೇವಸ್ಥಾನದ ಅಥವಾ ಖಾಜಾ ಬಂದೇನವಾಜ್ ದರ್ಗಾದ ಆಸುಪಾಸಿನ ಹಳೆಯ ಓಣಿಗಳಲ್ಲಿ ಪೇಟೆ, ಆಸ್ಪತ್ರೆ, ನೆರೆಹೊರೆಯ ಬಳಕೆ ಎಲ್ಲವೂ ಸಿಗುತ್ತವೆ. ಜಾತ್ರೆ, ಉರುಸಿನ ದಿನಗಳಲ್ಲಿ ಗಾಡಿಯನ್ನು ದೂರ ನಿಲ್ಲಿಸಿ ನಡೆಯಲು ಒಪ್ಪಿದರಾಯಿತು.

ಬಂದ ವರ್ಷವೇ ಪ್ಲಾಟು ಕೊಳ್ಳುವ ಆತುರ ಬೇಡ. 11 ತಿಂಗಳ ಬಾಡಿಗೆ ಕರಾರಿನಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಅದೇ ಭಾಗದಲ್ಲಿ ಕಳೆಯಿರಿ. ಆಮೇಲೆ ಕೊಳ್ಳುವುದಾದರೆ ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ, ಇ-ಖಾತೆ ಮಾರುವವರ ಹೆಸರಿನಲ್ಲೇ ಇದೆಯೇ ಎಂಬುದನ್ನು ವಕೀಲರಿಂದ ನೋಡಿಸಿರಿ. ನಕ್ಷೆಯಲ್ಲಿ ಉದ್ಯಾನವೆಂದು ಬಿಟ್ಟ ಜಾಗ ಸ್ಥಳದಲ್ಲಿಯೂ ಹಾಗೆಯೇ ಉಳಿದಿದೆಯೇ ಎಂಬುದನ್ನು ಮಾತ್ರ ನೀವೇ ಹೋಗಿ, ನಕ್ಷೆ ಕೈಯಲ್ಲಿ ಹಿಡಿದು ನೋಡಿರಿ.