ಗುಂಡಿನ ಅಚ್ಚನ್ನು ಅರ್ಧ ಇಂಚಿಗೆ ಹಿಗ್ಗಿಸಿದ ಕತೆ

ಅಚ್ಚು ನಮ್ಮ ಮುತ್ಯಾನದು. ಹಿತ್ತಾಳೆಯದು. ಇಕ್ಕಳದ ಹಾಗೆ ಎರಡು ಹಿಡಿಕೆ, ಬಾಯಲ್ಲಿ ಎರಡು ಅರ್ಧಗುಂಡಿನ ಕುಳಿ, ಮೇಲೆ ಸೀಸ ಹೊಯ್ಯೋಕೆ ಒಂದು ತೂತು. ಹೊಲಕ್ಕೆ ಹಂದಿ ಬೀಳ್ತವೆ ಅಂತ ಅವರು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದರು. ನಳಿಗೆ ಬಾಯಿಂದಲೇ ಮದ್ದು ಹಾಕಿ, ಗುಂಡು ಗಿಡಿಯುವಂಥದ್ದು. ಮುತ್ಯಾ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಅಚ್ಚು ಮಾತ್ರ ಟ್ರಂಕಿನಲ್ಲಿ ಉಳಿಯಿತು. ನಮ್ಮದು ಸುರಪುರದ ಸೀಮೆ. 1705ರಲ್ಲಿ ಔರಂಗಜೇಬ ಖುದ್ದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರು ನಿಂತವರು ಇಲ್ಲಿನ ಬೇಡರ ಕೋವಿಕಾರರು. ಇಂಥ ಅಚ್ಚು ಇಲ್ಲಿನ ಹಳೇ ಮನೆಯಲ್ಲಿ ಸಿಕ್ಕರೆ ಆಶ್ಚರ್ಯ ಏನಿಲ್ಲ.

ಈಗ ಅದರಿಂದ ಬೀಳೋದು ಬಲೆಯ ಗುಂಡು, ಅಂದರೆ ಮೀನುಬಲೆ ಮುಳುಗಲಿ ಅಂತ ಅಂಚಿಗೆ ಕಟ್ಟುವ ಸೀಸದ ಗುಂಡು. ನಮ್ಮ ಕಾಕಾ ಕೊಳ್ಳೂರು ಸೇತುವೆ ಕಡೆ ಕೃಷ್ಣೆಯಲ್ಲಿ ಬೀಸುಬಲೆ ಹಾಕುತ್ತಾರೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾಗ ಸೆಳವು ಜಾಸ್ತಿ. ಬಲೆ ತಳ ಮುಟ್ಟೋದರೊಳಗೆ ಮೀನು ಕೆಳಗಿಂದ ಜಾರಿಬಿಡುತ್ತೆ. "ಗುಂಡು ಹಗುರ ಆಗ್ಲಕತ್ತಾವ, ಇನ್ನಷ್ಟು ಕಟ್ಟಿದ್ರ ಬಲಿ ಗಂಟು ಬೀಳ್ತದ. ನಿನ್ನ ಲೇತಿನ್ಯಾಗ ಏನರ ಮಾಡ್ತೀಯೇನು ನೋಡಪಾ" ಅಂದರು. ಶಹಾಪುರದಲ್ಲಿ ನನ್ನದು ಸಣ್ಣ ಲೇತ್ ಅಂಗಡಿ.

ಮೊದಲು ಲೆಕ್ಕ. ಹಳೇ ಅಚ್ಚಿನ ಗುಂಡು 12 ಮಿಲಿಮೀಟರ್. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಆದ್ದರಿಂದ ಒಂದು ಗುಂಡು ಸುಮಾರು 10.26 ಗ್ರಾಂ. ಅದನ್ನೇ ಅರ್ಧ ಇಂಚಿಗೆ, ಅಂದರೆ 12.7ಕ್ಕೆ ಒಯ್ದರೆ 12.16 ಗ್ರಾಂ ಆಗುತ್ತೆ. ಅಳತೆಯಲ್ಲಿ ಏರಿದ್ದು ನೂರಕ್ಕೆ ಆರು ಪಾಲು, ತೂಕದಲ್ಲಿ ಹದಿನೆಂಟು ಪಾಲಿಗಿಂತ ಜಾಸ್ತಿ. ನಡುವಿನಿಂದ ಅಂಚಿಗೆ ಹತ್ತು ಅಡಿ ಇರುವ ದುಂಡು ಬಲೆಯ ಸುತ್ತಂಚು ಸುಮಾರು 19 ಮೀಟರ್. ಹತ್ತು ಸೆಂಟಿಮೀಟರಿಗೆ ಒಂದರಂತೆ 190 ಗುಂಡು. ದಾರದ ತೂತಿಗೆ ಹೋಗೋದನ್ನು ಕಳೆದರೂ ಇಡೀ ಬಲೆಗೆ 350 ಗ್ರಾಂ ಕೂಡುತ್ತೆ. ಒಂದು ಗುಂಡೂ ಹೆಚ್ಚಿಗೆ ಕಟ್ಟಬೇಕಿಲ್ಲ. ಸಾಕಲ್ವಾ?

ಕೆಲಸದ ಮರ್ಮ ಇಷ್ಟೇ: ಮೆತ್ತನೆಯ ಸೀಸದಿಂದ ಗಟ್ಟಿ ಹಿತ್ತಾಳೆಯನ್ನು ಸವೆಸೋದು. ಕೇಳಿದರೆ ಉಲ್ಟಾ ಅನಿಸುತ್ತೆ. ಉಜ್ಜುವ ಪೇಸ್ಟಿನ ಕಾಳು ಮೆತ್ತನೆಯ ಲೋಹದಲ್ಲಿ ಹೂತು ನಿಲ್ಲುತ್ತವೆ, ಎದುರಿಗಿರುವ ಗಟ್ಟಿ ಲೋಹವನ್ನು ಕೆರೆಯುತ್ತವೆ. ಹೀಗಾಗಿ ಅಚ್ಚನ್ನು ಕೊರೆಯುವ ಆಯುಧ ಅದೇ ಅಚ್ಚಿನಲ್ಲಿ ಹೊಯ್ದ ಗುಂಡು. ಅದು ಕುಳಿಯ ಆಕಾರದಲ್ಲೇ ಇರುತ್ತೆ, ಸೀಸ ಆರುವಾಗ ಕುಗ್ಗೋದರಿಂದ ಕುಳಿಗಿಂತ ಕೂದಲಿನಷ್ಟು ಸಣ್ಣದು. ಆ ಸಂದಿನಲ್ಲೇ ಪೇಸ್ಟ್ ಕೂರುತ್ತೆ.

ಅರ್ಧ ಇಂಚಿನ ಗುಂಡುತಲೆಯ ಬರ್, ಅಂದರೆ ತಿರುಗಿಸಿ ಲೋಹ ಕೆರೆಯುವ ಹಲ್ಲಿನ ಆಯುಧ, ಅಂಗಡಿಯಲ್ಲೇ ಇರುವಾಗ ಈ ಉಸಾಬರಿ ಯಾಕೆ ಅಂತ ನಮ್ಮ ಹುಡುಗ ಕೇಳಿದ. ಬರ್ ಹಿತ್ತಾಳೆಯನ್ನು ಕಚ್ಚುತ್ತೆ, ನಡುಗುತ್ತೆ, ನಡು ತಪ್ಪುತ್ತೆ. ಒಂದು ಕಡೆ ಆಳ, ಒಂದು ಕಡೆ ತೆಳು. ಸೀಸದ ಗುಂಡಿಗೆ ಕುಳಿಯೇ ದಾರಿ ತೋರಿಸುತ್ತೆ, ಅದು ನಡು ತಪ್ಪೋದಿಲ್ಲ.

ಹಳೇ ಅಚ್ಚಿನಲ್ಲಿ ಮೊದಲು ನೋಡಬೇಕಾದ್ದು ಕೀಲು. ನಮ್ಮದರ ರಿವೆಟ್ ಸಡಿಲ ಆಗಿತ್ತು. ಎರಡು ಅರ್ಧ ಪಕ್ಕಕ್ಕೆ ಸರಿದರೆ ಗುಂಡಿನ ನಡುವೆ ಮೆಟ್ಟಿಲು ಬೀಳುತ್ತೆ. ಸವೆಸೋಕೆ ಕೂತರೆ ಆ ಮೆಟ್ಟಿಲೇ ದೊಡ್ಡದಾಗುತ್ತೆ ಅಷ್ಟೆ. ರಿವೆಟ್ಟಿನ ತಲೆ ಬಡಿದು ಬಿಗಿ ಮಾಡಿದ ಮೇಲೆ ಬೇರೆ ಮಾತು.

ಆಮೇಲೆ ಒಂದು ಗುಂಡು ಹೊಯ್ದೆ. ಹೊಯ್ದ ತೂತಿನ ಗುರುತು ಇರುವ ಕಡೆಯೇ ಮೂರು ಮಿಲಿಮೀಟರ್ ಡ್ರಿಲ್ ಹಾಕಿ, ಎತ್ತಿನ ಲಾಳದ ಮೊಳೆ ಬಡಿದು ಕೂರಿಸಿದೆ. ಲಾಳದ ಮೊಳೆಯೇ ಯಾಕೆಂದರೆ ಅದು ಚೌಕ, ಮೂಲೆಗಳು ಸೀಸವನ್ನು ಕಚ್ಚಿ ಹಿಡಿಯುತ್ತವೆ. ದುಂಡು ಮೊಳೆ ಸುಮ್ನೆ ಗಿರಕಿ ಹೊಡೆಯುತ್ತೆ, ಗುಂಡು ಅಲ್ಲೇ ಇರುತ್ತೆ. ಮೊಳೆಯ ತಲೆಯನ್ನು ಟ್ಯಾಪ್ ಹಿಡಿಕೆಗೆ (ಕೈಯಿಂದ ತಿರುಗಿಸುವ ಹಿಡಿಕೆ) ಸಿಕ್ಕಿಸಿದೆ. ಕರೆಂಟಿನ ಡ್ರಿಲ್ ಬೇಡ. ವೇಗ ಹೆಚ್ಚಾದರೆ ಸೀಸ ಬಿಸಿಯಾಗಿ ಬಳಿದುಕೊಳ್ಳುತ್ತೆ, ಕೈಗೆ ಏನೂ ಗೊತ್ತಾಗಲ್ಲ.

ಪೇಸ್ಟ್ ಅಂದರೆ ಇಂಜಿನ್ ವಾಲ್ವ್ ಕೂರಿಸುವಾಗ ಹಚ್ಚುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್. ಮೋಟಾರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತೆ, ಒರಟು ಮತ್ತು ನಯ ಎರಡೂ. ಗುಂಡಿಗೆ ಒರಟು ಪೇಸ್ಟ್ ತೆಳ್ಳಗೆ ಸವರಿ, ಅಚ್ಚು ಮುಚ್ಚಿ, ಹಿಡಿಕೆಯನ್ನು ಎಡಗೈಲಿ ಹಗುರಕ್ಕೆ ಅದುಮಿ, ಬಲಗೈಲಿ ತಿರುಗಿಸೋದು. ನಾಲ್ಕು ಸುತ್ತು ಆಚೆ, ನಾಲ್ಕು ಸುತ್ತು ಈಚೆ. ಶುರುವಿನಲ್ಲಿ ಮರಳು ಅರೆದ ಸದ್ದು ಬರುತ್ತೆ. ಸದ್ದು ಮೆತ್ತಗಾದರೆ ಕಾಳು ಪುಡಿಯಾಯಿತು ಅಂತ. ತೆಗೆದು ಒರೆಸಿ ಹೊಸ ಪೇಸ್ಟ್ ಹಚ್ಚಬೇಕು. ಎರಡು ಅರ್ಧ ಕೂಡುವ ಮುಖಕ್ಕೆ ಮಾತ್ರ ಪೇಸ್ಟ್ ತಾಗಬಾರದು. ಆ ಮುಖ ಸವೆದರೆ ಸಂದು ಬಿದ್ದು, ಪ್ರತಿ ಗುಂಡಿಗೂ ಸುತ್ತ ತೆಳು ರೆಕ್ಕೆ ಹುಟ್ಟುತ್ತೆ. ಪ್ರತಿ ಸಲ ಬಟ್ಟೆಯಿಂದ ಒರೆಸಿಯೇ ಮುಚ್ಚಬೇಕು.

ಸ್ವಲ್ಪ ಹೊತ್ತಿಗೆ ಗುಂಡು ಸಡಿಲ ಆಗುತ್ತೆ. ಆಗ ಅಚ್ಚು ಮುಚ್ಚಿಟ್ಟು, ಮೊಳೆಯ ತಲೆಗೆ ಸಣ್ಣ ಸುತ್ತಿಗೆಯಿಂದ ಎರಡು ಏಟು. ಸೀಸ ಒಳಗೇ ಉಬ್ಬಿ ಮತ್ತೆ ಕುಳಿ ತುಂಬುತ್ತೆ. ಅದೂ ನಡೆಯದಾದಾಗ ಅಚ್ಚು ತೊಳೆದು ಹೊಸ ಗುಂಡು ಹೊಯ್ಯಬೇಕು. ಆ ಹೊಸ ಗುಂಡೇ ಎಷ್ಟು ಹಿಗ್ಗಿದೆ ಅಂತ ಹೇಳುತ್ತೆ, ಮುಂದಿನ ಸುತ್ತಿಗೆ ಆಯುಧವೂ ಆಗುತ್ತೆ. ಇದು ಅವಸರದ ಕೆಲಸ ಅಲ್ಲ. ಸಂಜೆ ಅಂಗಡಿ ಖಾಲಿ ಇದ್ದಾಗ ಕೂತು ಮಾಡುತ್ತಿದ್ದೆ.

ಅಳೆಯುವಾಗ ವರ್ನಿಯರನ್ನು ಮೂರು ಕಡೆ ಹಿಡಿಯಬೇಕು: ಕೂಡುಗೆರೆಗೆ ಅಡ್ಡ, ಗೆರೆಯ ಉದ್ದಕ್ಕೆ, ಮತ್ತು ಹೊಯ್ದ ತೂತಿನಿಂದ ತಳಕ್ಕೆ. ಮೂರನೆಯದೇ ಹಿಂದೆ ಬೀಳೋದು. ಮೊಳೆಯ ಸುತ್ತ ತಿರುಗುವ ಗುಂಡಿನ ನಡು ಜೋರಾಗಿ ಓಡುತ್ತೆ, ತುದಿ ಇದ್ದಲ್ಲೇ ಸುತ್ತುತ್ತೆ. ತಳದಲ್ಲಿ ಕೆರೆತ ಇಲ್ಲವೇ ಇಲ್ಲ ಅನ್ನಬಹುದು. ನಡು 12.7 ಮುಟ್ಟಿದಾಗ ನನ್ನ ಗುಂಡು ಉಳ್ಳಾಗಡ್ಡಿ ಹಾಗೆ ಚಪ್ಪಟೆ ಕಂಡಿತು. ಆಗ ಬರ್ ಕೆಲಸಕ್ಕೆ ಬಂತು. ಕುಳಿ ಆಗಲೇ ಅದರ ಅಳತೆಗೆ ಬಂದಿದ್ದರಿಂದ ಅಲುಗಾಡೋಕೆ ಜಾಗ ಇರಲಿಲ್ಲ. ಅಚ್ಚು ಬಿಚ್ಚಿ, ಒಂದೊಂದು ಅರ್ಧದ ತಳವನ್ನೂ ಬೆರಳಲ್ಲೇ ಬರ್ ತಿರುಗಿಸಿ ಕೆರೆದೆ. ಕೊನೆಗೆ ನಯ ಪೇಸ್ಟ್.

ಬಲೆಗೆ ಗುಂಡು ಇಷ್ಟು ಕರಾರುವಾಕ್ಕಾಗಿ ದುಂಡಗೆ ಬೇಕಿರಲಿಲ್ಲ, ನಿಜ. ಬಾಯಿಂದ ತುಂಬುವ ರೈಫಲ್ಲಿನವರಿಗೆ ಇದೇ ಮುಖ್ಯ. ಅವರು ಗುಂಡನ್ನು ಎಣ್ಣೆ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸುತ್ತಾರೆ. ಗುಂಡು ನಳಿಗೆಗಿಂತ ಕಾಲು ಮಿಲಿಮೀಟರಿನಷ್ಟು ಸಣ್ಣದಿದ್ದು, ಉಳಿದ ಸಂದನ್ನು ಬಟ್ಟೆ ತುಂಬಬೇಕು. ಅಲ್ಲಿ ಅಚ್ಚು ಹಿಗ್ಗಿಸೋದು ಅಂದರೆ ಕೂದಲೆಳೆಯಷ್ಟೇ. ಅಷ್ಟಾದರೆ ನನ್ನಷ್ಟು ಕೈ ನೋಯಿಸಿಕೊಳ್ಳಬೇಕಿಲ್ಲ. ಆದರೆ ನಮ್ಮಲ್ಲಿ ಗುಂಡು ಹೊಯ್ಯೋದು ಕೋವಿಗೆ ಅಂತಾದರೆ ಕಾನೂನಿನ ಮಾತು ಬರುತ್ತೆ, ಕಾಗದ ನೋಡಿಕೊಂಡೇ ಕೈ ಹಾಕಿ.

ಹೊಯ್ಯೋಕೆ ಮುಂಚೆ ಅಚ್ಚನ್ನು ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಸೋಪುನೀರಿನಲ್ಲಿ ಇನ್ನೊಮ್ಮೆ ತೊಳೆದು, ಪೂರ್ತಿ ಒಣಗಿಸಬೇಕು. ಎಣ್ಣೆ ಉಳಿದರೆ ಗುಂಡು ಸುಕ್ಕು ಬೀಳುತ್ತೆ. ನೀರು ಉಳಿದರೆ ಕತೆ ಬೇರೆ. ಸೀಸ ಕರಗೋದು 327 ಡಿಗ್ರಿಗೆ, ಒಂದು ಹನಿ ನೀರು ಅದರಡಿ ಸಿಕ್ಕರೆ ಸಿಡಿದು ಮುಖಕ್ಕೆ ಹಾರುತ್ತೆ. ಕನ್ನಡಕ, ಉದ್ದ ತೋಳಿನ ಅಂಗಿ, ಬೂಟು ಇಲ್ಲದೆ ನಾನು ಒಲೆ ಹಚ್ಚಲ್ಲ. ಹಚ್ಚೋದೂ ಬಯಲಲ್ಲೇ, ಮಕ್ಕಳಿಲ್ಲದ ಕಡೆ, ಗಾಳಿಗೆ ಬೆನ್ನು ಕೊಟ್ಟು. ಕುಳಿಗೆ ದೀಪದ ಮಸಿ ಹಿಡಿಸಿದರೆ ಗುಂಡು ಸಲೀಸಾಗಿ ಉದುರುತ್ತೆ. ಅಚ್ಚು ಕಾಯುವ ತನಕ ಬೀಳುವ ಗುಂಡೆಲ್ಲ ವಾಪಸ್ ಕಡಾಯಿಗೆ.

ಸೀಸ ಎಲ್ಲಿಂದ ಅಂತ ಎಲ್ಲರೂ ಕೇಳ್ತಾರೆ. ಹಳೇ ಕೇಬಲ್ಲಿನ ಸೀಸದ ಹೊದಿಕೆ ಚೆನ್ನ, ಹೆಚ್ಚುಕಮ್ಮಿ ಶುದ್ಧ ಸೀಸ. ಟೈರ್ ಬ್ಯಾಲೆನ್ಸಿನ ತುಂಡುಗಳಲ್ಲಿ ಈಗ ಸತುವಿನವೂ ಇರುತ್ತವೆ. ಸತು ಕರಗೋಕೆ 419 ಡಿಗ್ರಿ ಬೇಕು. ಉರಿ ಕಮ್ಮಿ ಇಟ್ಟರೆ ಅವು ಮೇಲೆ ತೇಲುತ್ತವೆ, ಎತ್ತಿ ಬಿಸಾಕಬಹುದು. ಬ್ಯಾಟರಿ ಪ್ಲೇಟು ಬಿಟ್ಟಿ ಸಿಕ್ಕರೂ ಬೇಡ. ಅದರಲ್ಲಿ ಬೇರೆ ಲೋಹಗಳ ಬೆರಕೆ ಇರುತ್ತೆ, ಕರಗಿಸಿದಾಗ ಮೇಲೆ ಬರುವ ಕಿಟ್ಟಕ್ಕೆ ತೇವ ತಾಗಿದರೆ ವಿಷದ ಗಾಳಿ ಏಳುತ್ತೆ.

ಇನ್ನೊಂದು ಮಾತು ಕಾಕಾನ ಹತ್ತಿರವೂ ಆಡಿದ್ದೇನೆ. ಇಂಗ್ಲೆಂಡಿನಲ್ಲಿ 1987ರಿಂದ ಈ ಅಳತೆಯ ಸೀಸದ ಗುಂಡನ್ನು ಗಾಳಕ್ಕೆ ಮಾರೋ ಹಾಗಿಲ್ಲ, ಹಂಸಗಳು ನುಂಗಿ ಸಾಯುತ್ತಿದ್ದವು. ನಮ್ಮ ಹೊಳೆಯಲ್ಲೂ ನೀರುಹಕ್ಕಿ ಇವೆ. ಹಾಗಾಗಿ ದಾರ ಸವೆದು ಗುಂಡು ಉದುರುವ ಮುಂಚೆ ಬಲೆಯ ಅಂಚನ್ನು ಬದಲಿಸಿ ಅಂದೆ. "ಅದ ಖರೇ ಅದ, ಗುಂಡು ಕಳೀತಂದ್ರ ನನಗೂ ನಷ್ಟ ಅಲ್ಲೇನು" ಅಂದರು.

ಗುಂಡಿಗೆ ತೂತು ಕೊರೆಯುವಾಗ ಕೂಡುಗೆರೆಯ ಮೇಲೆ ಡ್ರಿಲ್ ಇಡಬೇಡಿ, ಜಾರುತ್ತೆ. ಹೊಯ್ದ ತೂತಿನ ಗುರುತನ್ನು ಅರದಿಂದ ಸಮ ಮಾಡಿಕೊಂಡು ಅಲ್ಲಿಂದಲೇ ಇಳಿಸಿ. ಡ್ರಿಲ್ಲಿಗೆ ಒಂದು ಹನಿ ಸೋಪುನೀರು ಬಿಟ್ಟರೆ ಸೀಸ ಮೆತ್ತಿಕೊಳ್ಳಲ್ಲ. ಸುರುಳಿಯನ್ನೆಲ್ಲ ಗುಡಿಸಿ ಒಣಗಿಸಿ ಡಬ್ಬಿಗೆ ಹಾಕಿಡಿ. 190 ಗುಂಡಿಗೆ ಹೆಚ್ಚುಕಮ್ಮಿ 190 ಗ್ರಾಂ ಸೀಸ ಅದು, ಇನ್ನೂ ಹದಿನೈದು ಗುಂಡಿಗೆ ಆಗುತ್ತೆ.