ಹಿಂದೆ ಉಳಿದ ಸಹೋದ್ಯೋಗಿಗಳ ಜೊತೆ ನಿಲ್ಲುವುದು ಅಂದರೆ ಏನು ಮಾಡುವುದು: ಉದ್ಯಮಬಾಗದ ಸೂಪರ್‌ವೈಸರ್‌ಗಳಿಗೆ, ಮ್ಯಾನೇಜರ್‌ಗಳಿಗೆ

ಮೊದಲು ಓವರ್‌ಟೈಮ್ ರಿಜಿಸ್ಟರ್ ತೆಗೆಯಿರಿ. ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ಯಾರು ಒಳಗಿನವರು, ಯಾರು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಕಳೆದ ನಾಲ್ಕು ವಾರದ ಪುಟ ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ನಾಲ್ಕು ಕಲಂ ಹಾಕಿ: ಓವರ್‌ಟೈಮ್ ಯಾರಿಗೆ ಸಿಕ್ಕಿತು, ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ತರಬೇತಿಗೆ ಯಾರು ಹೋದರು, ಗ್ರಾಹಕರ ಆಡಿಟ್ ಬಂದಾಗ ಮುಂದೆ ಯಾರು ನಿಂತರು, ಚಹಾ-ರಂಗೋಲಿ-ಸ್ವಚ್ಛತೆ ಯಾರ ಪಾಲಿಗೆ ಬಂತು. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಲೈನ್ ಲೀಡರ್‌ಗಳನ್ನು ಕೇಳಿ ತುಂಬಿ. ಖಂಡೇನವಮಿ ಬಂತೆಂದರೆ ರಂಗೋಲಿ ಹೆಣ್ಣುಮಕ್ಕಳಿಗೆ, ಹಿಂದಿನ ರಾತ್ರಿ ಮಷಿನ್ ತೊಳೆಯುವುದು ಗುತ್ತಿಗೆ ಹುಡುಗರಿಗೆ, ಪೂಜೆಯ ತಟ್ಟೆ ಹಿಡಿಯುವುದು ಯಾವಾಗಲೂ ಅದೇ ನಾಲ್ಕು ಮಂದಿಗೆ. ಇದು ಯಾರೂ ಕೂತು ಮಾಡಿದ ತೀರ್ಮಾನವಲ್ಲ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಓವರ್‌ಟೈಮ್ ಒಂದೇ ಕಡೆ ವಾಲುವುದಕ್ಕೆ ಬಹಳ ಸಲ ಕಾರಣ ಗಡಿಯಾರ. ಸಂಜೆ ನಾಲ್ಕೂವರೆಗೆ "ಇವತ್ತ ಎರಡ ತಾಸ ಹೆಚ್ಚಿಗಿ ಯಾರ ನಿಲ್ತೀರಿ?" ಎಂದು ಕೇಳಿದರೆ ಕೈ ಎತ್ತುವವರು ಬೈಕ್ ಇರುವವರು ಮಾತ್ರ. ಬೈಲಹೊಂಗಲ, ಖಾನಾಪುರ ಕಡೆಯಿಂದ ಬಸ್ಸಿಗೆ ಬರುವ ಹೆಣ್ಣುಮಗಳು ಕೈ ಕೆಳಗಿಡುತ್ತಾಳೆ, ಆರು ತಿಂಗಳ ನಂತರ ಅವಳ ಫೈಲಿನಲ್ಲಿ "ಆಸಕ್ತಿ ಇಲ್ಲ" ಎಂದು ಬರೆದಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ ಖರ್ಚು ಉಳಿಯಿತು, ಕೊನೆಯ ಬಸ್ಸಿನ ಹೊತ್ತು ಮಾತ್ರ ಅಲ್ಲೇ ಇದೆ. ಓವರ್‌ಟೈಮ್ ಪಟ್ಟಿಯನ್ನು ಕನಿಷ್ಠ 48 ತಾಸು ಮೊದಲು ಹಚ್ಚಿ, ಸರದಿಯ ಪ್ರಕಾರ ಹಂಚಿ, ಬಸ್ ತಪ್ಪುವವರಿಗೆ ಕಂಪನಿಯ ಗಾಡಿ ಹೇಳಿ. ಗಾಡಿ ಕೊಡಲಾಗದಿದ್ದರೆ ಬೆಳಗಿನ ಓವರ್‌ಟೈಮ್ ಕೊಡಿ.

ಇನ್ನು ಭಾಷೆ. ಬೆಳಿಗ್ಗೆಯ ಹತ್ತು ನಿಮಿಷದ ಸುರಕ್ಷತಾ ಮಾತುಕತೆಯಲ್ಲಿ ಎದುರಿಗೆ ನಿಂತವರಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಫರ್ನೇಸ್ ಹತ್ತಿರ ನಿಂತವರು ಬಿಹಾರ, ಒಡಿಶಾದಿಂದ ಬಂದವರಿರಬಹುದು. "ತಿಳೀತೇನ್ರಿ?" ಎಂದು ಕೇಳಬೇಡಿ, ಎಲ್ಲರೂ "ಹ್ಞೂಂ ರೀ" ಅನ್ನುತ್ತಾರೆ. "ಲ್ಯಾಡಲ್ ಎತ್ತೂ ಮೊದಲ ಏನ ನೋಡ್ತೀರಿ?" ಎಂದು ಒಬ್ಬರಿಂದ ತಿರುಗಿ ಹೇಳಿಸಿ, ಅವರ ಭಾಷೆಯಲ್ಲೇ. ಕರಗಿದ ಲೋಹದ ಹತ್ತಿರ ಅರ್ಥವಾಗದ ಸೂಚನೆ ಎಂದರೆ ಸುಟ್ಟ ಗಾಯ. ಮೀಟಿಂಗಿನಲ್ಲಿ ಮಾತು ಒಂದು ಭಾಷೆಗೆ ಜಾರಿ ಉಳಿದವರು ಮೊಬೈಲ್ ನೋಡತೊಡಗಿದರೆ ತಡೆದು ಎರಡೇ ಸಾಲಲ್ಲಿ ಇನ್ನೊಂದು ಭಾಷೆಗೆ ತನ್ನಿ. ನವೆಂಬರ್ 1ರ ಆಸುಪಾಸಿನಲ್ಲಿ ಗಡಿಯ ವಾದ ಶಾಪ್ ಫ್ಲೋರಿಗೂ ಬರುತ್ತದೆ. ಆಗ ಯಾರನ್ನೂ "ನಿಮ್ಮ ಮಂದಿ ಹಿಂಗ್ಯಾಕ ಮಾಡ್ತಾರ?" ಎಂದು ಕೇಳಲು ಬಿಡಬೇಡಿ. ಲೇಥ್ ನಡೆಸಲು ಬಂದವನು ಯಾವ ಸಂಘಟನೆಗೂ ವಕ್ತಾರನಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ಮಹಿಳೆಯರ ಬಗ್ಗೆ ಮಾತಾಡಲು ನಮ್ಮ ಕಡೆಯ ಆಫೀಸುಗಳು ಕಲಿತಿವೆ, ಜಾತಿ ಬಂದಾಗ ಎಲ್ಲರ ಗಂಟಲು ಕಟ್ಟುತ್ತದೆ. "ಯಾವ ಪೈಕಿರೀ ನೀವು?" ಎಂಬ ಪ್ರಶ್ನೆ ನೇರವಾಗಿ ಬರಬೇಕೆಂದೇನಿಲ್ಲ. ಅಡ್ಡಹೆಸರು ಕೇಳಿದರೆ ಸಾಕು, ಊರು ಮತ್ತು ಓಣಿ ಸೇರಿದರೆ ಇನ್ನೂ ಪಕ್ಕಾ. ಆದ್ದರಿಂದ ನೇಮಕಾತಿಯ ಮೊದಲ ಸುತ್ತಿನಲ್ಲಿ ಅಡ್ಡಹೆಸರು, ಊರು, ಫೋಟೋ ಮುಚ್ಚಿ, ಅರ್ಜಿಗೆ ಬರೀ ನಂಬರ್ ಕೊಡಿ. ಸಂದರ್ಶನದಲ್ಲಿ ಎಲ್ಲರಿಗೂ ಅದೇ ಐದು ಪ್ರಶ್ನೆ. ಪ್ರತಿಯೊಬ್ಬ ಸಂದರ್ಶಕರು ಅಂಕ ಬರೆದಿಟ್ಟ ಮೇಲೆಯೇ ಚರ್ಚೆ, ಇಲ್ಲವಾದರೆ ಹಿರಿಯರು ಮೊದಲು ಆಡಿದ ಮಾತಿಗೆ ಉಳಿದವರ ಅಂಕ ಬಾಗುತ್ತದೆ. "ನಮ್ಮ ಹುಡುಗ ಅದಾನ, ನೋಡ್ರಿ" ಎಂಬ ಪರಿಚಯದ ನೇಮಕಾತಿಯನ್ನು ಪೂರ್ತಿ ನಿಲ್ಲಿಸಲು ಆಗಲಿಕ್ಕಿಲ್ಲ. ಆದರೆ ಖಾಲಿ ಜಾಗದ ಸೂಚನೆ ಬೆಳಗಾವಿ, ಗೋಕಾಕ, ಸವದತ್ತಿಯ ಐಟಿಐ ಬೋರ್ಡುಗಳಿಗೂ ಹೋಗಲಿ. ಪರಿಚಯದಿಂದ ಬಂದವರೂ ಅದೇ ಐದು ಪ್ರಶ್ನೆ ದಾಟಲಿ.

ಅರ್ಜಿ ನಮೂನೆಯಲ್ಲಿ ಇನ್ನೊಂದು ಮುಳ್ಳಿದೆ: ತಂದೆಯ ಹೆಸರಿನ ಕಲಂ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿತು, ಆದರೂ ಮಾಜಿ ದೇವದಾಸಿಯರ ಮಕ್ಕಳು ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇಂದಿಗೂ ಈ ಕಲಂ ಮುಂದೆ ಪೆನ್ನು ಹಿಡಿದು ಕೂರುತ್ತಾರೆ. ಅದನ್ನು "ತಾಯಿ, ತಂದೆ ಅಥವಾ ಪೋಷಕರು, ಒಬ್ಬರ ಹೆಸರು ಸಾಕು" ಎಂದು ಬದಲಿಸಿ. ಪಾಸ್‌ಪೋರ್ಟಿಗೇ 2016ರ ಡಿಸೆಂಬರಿನಿಂದ ಒಬ್ಬರ ಹೆಸರು ಸಾಕಾಗಿದೆ, ಲೇಥ್ ಆಪರೇಟರ್ ಅರ್ಜಿಗೆ ಸಾಲದೇ? ಸರ್ಕಾರಿ ಕಾಗದಕ್ಕೆ ಹೆಚ್ಚಿನ ವಿವರ ಬೇಕಿದ್ದರೆ ಕೆಲಸ ಖಚಿತವಾದ ಮೇಲೆ, ಬಾಗಿಲು ಹಾಕಿಕೊಂಡು ಕೇಳಿ. ಕ್ಯಾಂಟೀನಿನಲ್ಲಿ ಬೇರೆ ಲೋಟ, ಬೇರೆ ಬೆಂಚು ಕಂಡರೆ ಅದನ್ನು ರೂಢಿ ಎಂದು ಬಿಡಬೇಡಿ, ಅದು ಅಸ್ಪೃಶ್ಯತೆ. ಆ ದಿನವೇ ತೆಗೆಸಿ, ಕ್ಯಾಂಟೀನ್ ಗುತ್ತಿಗೆದಾರನಿಗೆ ಬರಹದಲ್ಲಿ ಎಚ್ಚರಿಕೆ ಕೊಡಿ.

ಯಾರೋ ಅನ್ನಬಾರದ್ದು ಅಂದಾಗ ಏನು ಹೇಳುವುದು? ಬಹಳ ಜನ ಇಲ್ಲೇ ಸೋಲುತ್ತಾರೆ, ಮನಸ್ಸಿಲ್ಲದೆ ಅಲ್ಲ, ಬಾಯಿಗೆ ಮಾತು ಬಾರದೆ. ನಾಲ್ಕು ಮಾತು ರೂಢಿ ಮಾಡಿಟ್ಟುಕೊಳ್ಳಿ. ಮಾತು ಕಡಿದಾಗ: "ತಡೀರಿ, ಅವರ ಮಾತ ಇನ್ನ ಮುಗದಿಲ್ಲ." ಒಬ್ಬರ ಉಪಾಯವನ್ನು ಇನ್ನೊಬ್ಬರು ತಮ್ಮದೆಂದಾಗ: "ಇದನ್ನ ಹ್ವಾದ ಸೋಮವಾರ ಅವರ ಹೇಳಿದ್ರು, ಮುಂದಿಂದೂ ಅವರ ಹೇಳ್ಲಿ." ಕೀಳು ಜೋಕಿಗೆ: "ನನಗ ತಿಳೀಲಿಲ್ಲ, ಬಿಡಿಸಿ ಹೇಳ್ರಿ." ನೇರ ಅವಮಾನಕ್ಕೆ: "ಆ ಮಾತ ಇಲ್ಲಿ ಬ್ಯಾಡ. ಕೆಲಸದ ಮಾತಿಗೆ ಬರೂಣು." ಅಷ್ಟೇ ಸಾಕು. ಐದು ನಿಮಿಷದ ಭಾಷಣ ಶುರುವಾದರೆ ಎಲ್ಲರ ಕಣ್ಣು ಅವಮಾನಗೊಂಡವರ ಮೇಲೆ ಬೀಳುತ್ತದೆ, ಅವರಿಗೆ ಅದು ಎರಡನೇ ಶಿಕ್ಷೆ. ನಾಳೆ ನೋಡೋಣ ಎಂದು ಬಿಟ್ಟರೆ ಕೂತಿದ್ದವರೆಲ್ಲ ನಿಮ್ಮ ಮೌನವನ್ನು ಒಪ್ಪಿಗೆ ಎಂದು ಓದಿಕೊಳ್ಳುತ್ತಾರೆ. ಆಡಿದವರನ್ನು ಅದೇ ದಿನ ಬೇರೆಯಾಗಿ ಕರೆದು ಮಾತಾಡಿ. ಅವಮಾನಗೊಂಡವರನ್ನೂ ಬೇರೆಯಾಗಿ ಕೇಳಿ: "ನಾ ಮಾತಾಡಿದ್ದರಿಂದ ನಿಮಗ ತ್ರಾಸ ಆತೇನು? ಮುಂದ ಏನ ಮಾಡ್ಲಿ?" ಅವರು ಏನೂ ಬೇಡವೆಂದರೆ ಬೇಡ, ಕಾನೂನು ನಿಮ್ಮನ್ನು ಬಿಡದ ವಿಷಯಗಳನ್ನು ಹೊರತುಪಡಿಸಿ. ಧನ್ಯವಾದ ಬರಲಿಲ್ಲವೆಂದು ಮುಖ ಸಣ್ಣ ಮಾಡಬೇಡಿ.

ಆಡಿದವರು ಮಾಲೀಕರೇ ಆಗಿದ್ದರೆ ಎಲ್ಲರೆದುರು ಸೆಣಸುವುದಕ್ಕಿಂತ ಮೀಟಿಂಗ್ ಮುಗಿದ ಮೇಲೆ ಇಬ್ಬರು ಸೇರಿ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಒಬ್ಬರೇ ಹೋದರೆ ವಿಷಯ ನಿಮ್ಮ ಸ್ವಭಾವದ ಕಡೆಗೆ ತಿರುಗುತ್ತದೆ.

ಲೈಂಗಿಕ ಕಿರುಕುಳದ ವಿಷಯದಲ್ಲಿ ಒಳ್ಳೆಯತನಕ್ಕೆ ಜಾಗ ಕಡಿಮೆ, 2013ರ ಕಾಯ್ದೆಯೇ ದಾರಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಆಂತರಿಕ ಸಮಿತಿ ಕಡ್ಡಾಯ. ಉದ್ಯಮಬಾಗದಲ್ಲೊಂದು, ಹೊನಗಾದಲ್ಲೊಂದು ಘಟಕವಿದ್ದರೆ ಎರಡಕ್ಕೂ ಬೇರೆ ಬೇರೆ ಸಮಿತಿ ಬೇಕು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಕುಟುಂಬದ ಕಂಪನಿಗಳು ಎಡವುವುದು ಇಲ್ಲೇ: ಉದ್ಯೋಗಿಯೇ ಅಲ್ಲದ ಮಾಲೀಕರ ಹೆಂಡತಿಯನ್ನು ಅಧ್ಯಕ್ಷೆ ಮಾಡುತ್ತಾರೆ, ಕಂಪನಿಯ ವಕೀಲರನ್ನೇ ಹೊರಗಿನವರೆಂದು ಕೂರಿಸುತ್ತಾರೆ. ದೂರಿಗೆ ಘಟನೆಯಿಂದ ಮೂರು ತಿಂಗಳ ಅವಧಿ, ಸಮಿತಿ ಕಾರಣ ಬರೆದು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ದೂರುದಾರರು ಬರೆದು ಕೇಳಿದರೆ ಮೂರು ತಿಂಗಳವರೆಗೆ ರಜೆ ಅಥವಾ ವರ್ಗಾವಣೆಗೆ ಸಮಿತಿ ಶಿಫಾರಸು ಮಾಡಬಹುದು. ರಾಜಿ ಆಗಬಹುದು, ಅದೂ ಅವರೇ ಕೇಳಿದರೆ, ಆದರೆ ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಹತ್ತಕ್ಕಿಂತ ಕಡಿಮೆ ಮಂದಿ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಜೊತೆ ನಿಲ್ಲುವವರ ಪಾಲು ಇಷ್ಟು: ಕೇಳಿಸಿಕೊಳ್ಳಿ, ತಾರೀಖು, ಹೊತ್ತು, ಸಾಕ್ಷಿಗಳನ್ನು ಬರೆದಿಟ್ಟುಕೊಳ್ಳಲು ನೆರವಾಗಿ, ಬೇರೆ ಯಾರಿಗೂ ಹೇಳಬೇಡಿ. ನೀವೇ ತನಿಖೆಗೆ ಇಳಿದರೆ ಸಮಿತಿಯ ಕೆಲಸ ಕೆಡುತ್ತದೆ.

ಸಣ್ಣವು ಇನ್ನು ಕೆಲವು. ಗೇಟಿನ 15 ಸೆಂ.ಮೀ. ಮೆಟ್ಟಿಲಿಗೆ ರ‍್ಯಾಂಪ್ ಕಟ್ಟುವಾಗ 1:12ರ ಇಳಿಜಾರು ಹಿಡಿದರೆ ಉದ್ದ 1.8 ಮೀಟರ್ ಬೇಕು. ಅರ್ಧ ಮೀಟರಿನಲ್ಲಿ ಸುರಿದ ಸಿಮೆಂಟು ವ್ಹೀಲ್‌ಚೇರ್ ಹತ್ತಿಸುವುದಿಲ್ಲ, ಬೀಳಿಸುತ್ತದೆ. ಕಿವಿ ಕೇಳದವರು ಕೆಲಸ ಮಾಡುವ ಕಡೆ ಫೋರ್ಕ್‌ಲಿಫ್ಟಿಗೆ ಹಾರ್ನ್ ಜೊತೆ ಮಿನುಗುವ ದೀಪ ಹಾಕಿಸಿ. ರಂಜಾನ್‌ಗೆ ಒಂದು ವಾರ ಮೊದಲೇ ಉಪವಾಸ ಮಾಡುವವರನ್ನು ಕೇಳಿ, ಬಯಸಿದವರನ್ನು ಫರ್ನೇಸ್‌ನಿಂದ ಬೆಳಗಿನ ಇನ್‌ಸ್ಪೆಕ್ಷನ್ ಟೇಬಲ್‌ಗೆ ಹಾಕಿ. ಹೆಸರು ನೋಡಿ ನೀವೇ ಊಹಿಸಿ ಬದಲಿಸಬೇಡಿ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ನಿಮ್ಮನ್ನು ನಂಬಿ ವಿಷಯ ಹೇಳಿದರೆ ಅದು ನಿಮ್ಮಲ್ಲೇ ಇರಲಿ. ಯಾವ ಹೆಸರಿನಿಂದ ಕರೆಯಬೇಕು, ಯಾರಿಗೆಲ್ಲ ತಿಳಿಸಬೇಕು ಎಂಬುದು ಅವರ ತೀರ್ಮಾನ.

ಮೂರು ತಿಂಗಳಾದ ಮೇಲೆ ಆ ನಾಲ್ಕು ಕಲಮಿನ ಹಾಳೆಯನ್ನು ಹೊಸದಾಗಿ ತುಂಬಿಸಿ, ಈ ಸಲ ಬೇರೆಯವರ ಕೈಯಿಂದ. ರಂಗೋಲಿ ಕಲಂ ಬೇಗ ಬದಲಾಗುತ್ತದೆ, ತರಬೇತಿ ಕಲಂ ನಿಧಾನ. ಅದು ಬದಲಾಗದಿದ್ದರೆ ತರಬೇತಿಗೆ ಹೆಸರು ಕಳಿಸುವವರು ಯಾರು ಎಂದು ನೋಡಿ. ಆ ಅಧಿಕಾರ ಒಬ್ಬರ ಕೈಯಲ್ಲೇ ಇದ್ದರೆ ಮುಂದಿನ ಪಟ್ಟಿಗೆ ಎರಡು ಸಹಿ ಬೇಕೆಂದು ಮಾಡಿ, ಅರ್ಜಿ ಹಾಕಿಯೂ ಆಯ್ಕೆಯಾಗದವರಿಗೆ ಕಾರಣವನ್ನು ಒಂದು ವಾರದೊಳಗೆ ಬರಹದಲ್ಲಿ ಕೊಡಿಸಿ.