ಉಪ್ಪುನೀರಿನ ತೊಟ್ಟಿಗೆ ಲೈವ್ ರಾಕ್: ಹದ ಮಾಡುವುದು, ಕಾಪಾಡುವುದು ಹೇಗೆ?

ಮೈಸೂರಿಗೆ ಕಡಲು ದೂರ. ಆದರೂ ಮನೆಯಲ್ಲಿ ಕಡಲ ಮೀನು ಸಾಕಬೇಕು ಅಂದರೆ ಮೀನಿಗಿಂತ ಮೊದಲು ಕಲ್ಲು ಬೇಕು. ಲೈವ್ ರಾಕ್ ಅಂದರೆ ಕಲ್ಲಿಗೇ ಜೀವ ಇದೆ ಅಂತಲ್ಲ. ಅದರ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ಅವು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ.

ಕಡಲಿನಿಂದ ಕಿತ್ತ ಹವಳದ ಕಲ್ಲು ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಪಟ್ಟಿಯಲ್ಲೇ ದಿಬ್ಬ ಕಟ್ಟುವ ಹವಳಗಳೂ ಇವೆ. ಸಿರಾಮಿಕ್ ಕಲ್ಲು ತನ್ನಿ. ಹದ ಮಾಡಿದರೆ, ಅಂದರೆ ಬ್ಯಾಕ್ಟೀರಿಯಾ ನೆಲೆಸುವಂತೆ ಮಾಡಿದರೆ, ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಡ್ರಮ್ಮಿನಲ್ಲಿ ಆರ್‌ಒ ನೀರು ತುಂಬಿ, ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಕರಗಿಸಿ. ಅಡುಗೆ ಉಪ್ಪು ಆಗುವುದಿಲ್ಲ. ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.025 ತೋರಿಸಬೇಕು. ಕಲ್ಲು ಮುಳುಗಿಸಿ, ಪಂಪ್ ಹಾಕಿ, ಬಾಟಲಿ ಬ್ಯಾಕ್ಟೀರಿಯಾ ಸುರಿದು, ಒಂದು ಚೂರು ಸಿಗಡಿ ಹಾಕಿ. ಅದು ಕೊಳೆತರೇ ಬ್ಯಾಕ್ಟೀರಿಯಾಕ್ಕೆ ಊಟ. ಬೆಳಕು ಬೀಳದಂತೆ ಮುಚ್ಚಿಡಿ, ಇಲ್ಲವಾದರೆ ಪಾಚಿ ಹಿಡಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಮೊದಲು ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಹದ ಬಂದ ಮೇಲೆ ಮಲ್ಪೆ ತೀರದಲ್ಲಿ ನಿಂತ ಹಾಗೆ ವಾಸನೆ ಬರುತ್ತದೆ. ಆದರೂ ಮೂಗನ್ನು ನಂಬಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗಬೇಕು.

ಕಲ್ಲನ್ನು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಹಾಕಿ. ಹಿಂದಿನ ಗಾಜಿನಿಂದ ನಾಲ್ಕು ಬೆರಳು ಜಾಗ ಬಿಡಿ. ಸುತ್ತಲೂ ನೀರು ಹರಿಯಬೇಕು.

ಇನ್ನು ತೊಳೆಯುವ ವಿಷಯ. ಮೊದಲ ವರ್ಷ ಕಲ್ಲಿನ ಮೇಲೆ ಕಂದು ಪೊರೆ ಕಂಡು, ಎಲ್ಲ ಕಲ್ಲನ್ನೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಯ್ದು ನಲ್ಲಿ ನೀರಲ್ಲಿ ಉಜ್ಜಿದೆ. ಮೂರನೇ ದಿನ ಎರಡು ಕ್ಲೌನ್ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಂಜೆಯೊಳಗೆ ಎರಡೂ ಹೋದವು. ಕ್ಲೋರಿನ್ ನೀರು ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಈಗಲೂ ನೆನೆದರೆ ಸಂಕಟ ಆಗುತ್ತದೆ. ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಒಂದೆರಡು ಕಲ್ಲನ್ನು ಮೆತ್ತಗೆ ಉಜ್ಜಿ, ಸಾಕು. ಮಿಕ್ಕ ಕಲ್ಲಿನ ಮೇಲಿನ ಕೊಳೆಯನ್ನು ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ನೀರು ಚಿಮ್ಮಿಸಿ ಎಬ್ಬಿಸಿ.

ಕಲ್ಲನ್ನು ಯಾವತ್ತೂ ಕುದಿಸಬೇಡಿ. ಅದರ ಮೇಲೆ ಬೆಳೆಯುವ ಕೆಲವು ಜೊವಾಂಥಿಡ್ ಎಂಬ, ಹವಳದ ಬಳಗದ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಕೈಗವಸು ಇಲ್ಲದೆ ಮುಟ್ಟಲೂ ಬೇಡಿ.

ಏಪ್ರಿಲ್ ಬಿಸಿಲಿಗೆ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ ಅಲ್ವಾ? ಹಾಗಾಗಿ ಇಳಿದಷ್ಟು ಬರೀ ಆರ್‌ಒ ನೀರು ತುಂಬಿ. ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟರೆ ಸುಲಭ. ಕರೆಂಟ್ ಹೋದಾಗ ನೀರಿನ ಓಡಾಟ ನಿಂತು ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ಬ್ಯಾಟರಿ ಏರ್ ಪಂಪ್ ಮನೆಯಲ್ಲಿರಲಿ.

ಎಲ್ಲ ಪಾಚಿಯೂ ಬೇಡವಾದದ್ದಲ್ಲ. ಕಲ್ಲಿನ ಮೇಲೆ ಗಟ್ಟಿ ಪದರದಂತೆ ಹಬ್ಬುವ ನೇರಳೆ ಬಣ್ಣದ ಕೊರಲೈನ್ ಪಾಚಿ ಬೇಕಾದದ್ದೇ, ಆದರೆ ಸಿರಾಮಿಕ್ ಕಲ್ಲಿಗೆ ಅದು ತಾನಾಗಿ ಬರುವುದು ಕಷ್ಟ. ಗೆಳೆಯರ ತೊಟ್ಟಿಯ ಗಾಜಿನಿಂದ ಚೂರು ಕೆರೆದು ತಂದು ಹಾಕಿ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಿ. ತಿಂಗಳುಗಟ್ಟಲೆ ಕಾದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದಾಗ, ನನ್ನ ಎಡಗಡೆಯ ಕಲ್ಲಿನ ಅಡಿಯಲ್ಲಿ ಸಾಸಿವೆಯಷ್ಟು ನೇರಳೆ ಚುಕ್ಕೆಗಳು ಮೂರು ಕಂಡವು.